ದೋಣಿಯ ಎರಡನೇ ಬ್ಯಾಟರಿ ಯಾಕೆ ಬೇಗ ಸಾಯುತ್ತದೆ?

ಸಣ್ಣ ದೋಣಿ ಇಟ್ಟುಕೊಂಡವರು ಇವತ್ತಲ್ಲ ನಾಳೆ ಎರಡನೇ ಬ್ಯಾಟರಿ ಹಾಕಿಸುತ್ತಾರೆ. ಎಂಜಿನ್ ಆಫ್ ಮಾಡಿ, ಲಂಗರು ಇಳಿಸಿ, ಫಿಶ್ ಫೈಂಡರು, ಲೈಟು, ಹಾಡು ಎಲ್ಲ ಹಾಕಿಕೊಂಡು ಆರಾಮಾಗಿ ಕೂತಿರುತ್ತಾರೆ. ಹೊರಡೋಣ ಅಂತ ಕೀ ತಿರುಗಿಸಿದರೆ ಎಂಜಿನ್ ಬರೀ ‘ಟಕ್’ ಅಂದು ಸುಮ್ಮನಾಗುತ್ತದೆ. ಇದನ್ನು ಒಂದು ಸಲ ನೋಡಿದರೆ ಸಾಕು, ಇನ್ನೊಂದು ಬ್ಯಾಟರಿ ಬೇಕು ಅಂತ ಯಾರೂ ಬೇರೆ ಹೇಳಬೇಕಾಗಿಲ್ಲ. ಒಂದು ಎಂಜಿನ್ನಿಗೆ, ಇನ್ನೊಂದು ಮಿಕ್ಕಿದ್ದಕ್ಕೆಲ್ಲ. ಯೋಚನೆ ಸರಿಯಾಗೇ ಇದೆ.

ತಮಾಷೆ ಶುರುವಾಗುವುದು ಆಮೇಲೆ. ಎಂಜಿನ್ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ, ಮಿಕ್ಕಿದ್ದಕ್ಕೆ ಇಟ್ಟ ಹೌಸ್ ಬ್ಯಾಟರಿ ಮಾತ್ರ ಬೇಗ ಕೈಕೊಡುತ್ತದೆ. ಸಾಲಲಿಲ್ಲ ಅಂತ ಅದಕ್ಕಿಂತ ದೊಡ್ಡದು ತರುತ್ತಾರೆ. ಅದೂ ಹೋಗುತ್ತದೆ. ನನ್ನ ಪ್ರಕಾರ ದೋಣಿಗಳಲ್ಲಿ ಬಹುಪಾಲು ಹೌಸ್ ಬ್ಯಾಟರಿಗಳು ಸಾಯುವುದಕ್ಕೆ ಕಾರಣ ಚಿಕ್ಕದಾಯಿತು ಅಂತಲ್ಲ, ಅವು ಒಂದು ದಿನವೂ ಪೂರ್ತಿ ತುಂಬಿರುವುದಿಲ್ಲ. ದೊಡ್ಡ ಬ್ಯಾಟರಿ ತಂದರೆ ಅದನ್ನು ತುಂಬಿಸುವುದು ಇನ್ನೂ ಕಷ್ಟ, ಅಲ್ವಾ?

ಲೆಕ್ಕ ಹಾಕಿ ನೋಡೋಣ. ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆಯುತ್ತದೆ, ಎಂಜಿನ್ ಹಿಡಿಯಲು 3 ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಕೇಳುವುದಕ್ಕೆ ಭಾರಿ ಕರೆಂಟು. ಆದರೆ ಆಂಪ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು) ಲೆಕ್ಕದಲ್ಲಿ ಅದು ಬರೀ 0.125. ಎಂಜಿನ್ ಕೆಲವು ನಿಮಿಷ ಓಡಿದರೆ ವಾಪಸ್ ಬಂದುಬಿಡುತ್ತದೆ. ಹಾಗಾಗಿ ಎಂಜಿನ್ನಿನ ಈ ಸ್ಟಾರ್ಟ್ ಬ್ಯಾಟರಿ ಯಾವಾಗಲೂ ಹೊಟ್ಟೆ ತುಂಬಿಕೊಂಡೇ ಇರುತ್ತದೆ. ಈ ಕಡೆ ಹೌಸ್ ಬ್ಯಾಟರಿಯ ಕಥೆ ನೋಡಿ. ಫಿಶ್ ಫೈಂಡರ್ 1 ಆಂಪ್, ರೇಡಿಯೋ ಸುಮ್ಮನೆ ಆನ್ ಇದ್ದರೂ ಅರ್ಧ ಆಂಪ್, ಎಲ್‌ಇಡಿ ಲೈಟುಗಳೆಲ್ಲ ಸೇರಿ ಇನ್ನರ್ಧ. 8 ಗಂಟೆಗೆ 16 ಆಂಪ್-ಅವರ್ ಆಯಿತು. ಪುಟ್ಟ ಫ್ರಿಜ್ಜೋ ನೀರಿನ ಪಂಪೋ ಇದ್ದು, 4 ಆಂಪ್‌ನಂತೆ ಅರ್ಧ ಹೊತ್ತು ಓಡಿದರೆ ಇನ್ನೊಂದು 16. ಒಟ್ಟು 32. ತೆಗೆದಷ್ಟೇ ಹಾಕಿದರೆ ಸಾಲುವುದಿಲ್ಲ. ಸೀಸದ ಬ್ಯಾಟರಿಯಲ್ಲಿ ಚಾರ್ಜಿನ ಒಂದು ಪಾಲು ಶಾಖವಾಗಿ, ಗ್ಯಾಸಾಗಿ ಹೋಗುತ್ತದೆ. ಅದಕ್ಕೆ 37–38 ಅಂತಲೇ ಇಟ್ಟುಕೊಳ್ಳಿ.

ಈಗ ಮನೆ ಕಡೆ ಹೊರಟಿರಿ. ಸಣ್ಣ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಡೆ ಕೂರಿಸುವ) ಎಂಜಿನ್ನುಗಳ ಚಾರ್ಜಿಂಗ್ ಸಾಮಾನ್ಯವಾಗಿ 6ರಿಂದ 12 ಆಂಪ್, ಅದೂ ಎಂಜಿನ್ ಜೋರಾಗಿ ಓಡುತ್ತಿರುವಾಗ. ಐಡ್ಲಿನಲ್ಲಿ ಅದಕ್ಕಿಂತ ತುಂಬಾ ಕಡಿಮೆ. 10 ಆಂಪ್ ಸಿಕ್ಕಿತು ಅಂದುಕೊಂಡರೂ ಅರ್ಧ ಗಂಟೆಯ ದಾರಿಗೆ 5 ಆಂಪ್-ಅವರ್. ತೆಗೆದದ್ದು 32, ಹಾಕಿದ್ದು 5. ಉಳಿದ ಸಾಲ ಹಾಗೇ ಇರುತ್ತದೆ, ಮುಂದಿನ ಸಲ ಅದರ ಮೇಲೆ ಇನ್ನಷ್ಟು ಏರುತ್ತದೆ. ಎಂಜಿನ್ ಓಡುವಾಗ ಮೀಟರು 14 ವೋಲ್ಟ್ ತೋರಿಸುತ್ತದಲ್ಲ, ಅದನ್ನು ನೋಡಿ ಜನ ತುಂಬಿತು ಅಂದುಕೊಳ್ಳುತ್ತಾರೆ. ಅದು ಚಾರ್ಜರಿನ ವೋಲ್ಟೇಜು. ಬ್ಯಾಟರಿ ಒಳಗೆ ಎಷ್ಟಿದೆ ಅಂತ ಅದು ಹೇಳುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಕಿರಿಕಿರಿಯದು. ಸೀಸದ ಬ್ಯಾಟರಿ ಸುಮಾರು ಶೇಕಡಾ 80 ತುಂಬುವವರೆಗೆ ಕೊಟ್ಟ ಕರೆಂಟನ್ನೆಲ್ಲ ನುಂಗುತ್ತದೆ. ಆಮೇಲೆ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಖಾಲಿ ಬಸ್ಸಿಗೆ ಜನ ದಡದಡ ಹತ್ತುತ್ತಾರೆ, ಕೊನೆಯ ಹತ್ತು ಜನ ಮಾತ್ರ ಒಬ್ಬೊಬ್ಬರೇ ಜಾಗ ಮಾಡಿಕೊಂಡು ಒಳಗೆ ಹೋಗಬೇಕಲ್ಲ, ಹಾಗೆ. ಬ್ಯಾಟರಿಯ ಆ ಕೊನೆಯ ಶೇಕಡಾ 20ಕ್ಕೆ ಹಲವು ಗಂಟೆ ಹಿಡಿಯುತ್ತದೆ. ನೀವು 40 ಆಂಪ್ ಚಾರ್ಜರ್ ತಂದರೂ ಆ ಭಾಗ ಅವಸರಕ್ಕೆ ಬಗ್ಗುವುದಿಲ್ಲ. ಬ್ಯಾಟರಿಯ ಆಯುಸ್ಸು ನಿಂತಿರುವುದೂ ಅಲ್ಲೇ. ಖಾಲಿಯಾಗುವಾಗ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಅದು ಕರಗಿ ಆಸಿಡ್ಡಿಗೆ ವಾಪಸ್ ಹೋಗುತ್ತದೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟರೆ ಅದೇ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಆಮೇಲೆ ಕರಗುವುದಿಲ್ಲ. ಅಷ್ಟು ಪ್ಲೇಟು ದಂಡ.

ಹಾಗಾದರೆ ಎಷ್ಟು ತುಂಬಿದೆ ಅಂತ ತಿಳಿಯುವುದು ಹೇಗೆ? ಸಾದಾ ಮಲ್ಟಿಮೀಟರ್ ಸಾಕು, ಆದರೆ ತಾಳ್ಮೆ ಬೇಕು. ಚಾರ್ಜಿಂಗ್ ನಿಲ್ಲಿಸಿದ ತಕ್ಷಣ ಅಳೆದರೆ 13ರ ಮೇಲೆ ತೋರಿಸುತ್ತದೆ, ಅದು ಮೇಲ್ಮೇಲಿನ ಚಾರ್ಜು. ಯಾವ ಲೋಡೂ ಇಲ್ಲದೆ ಕೆಲವು ಗಂಟೆ ಬಿಟ್ಟು ಅಳೆಯಿರಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. 12.7 ಬಂದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0ಕ್ಕೆ ಬಂದರೆ ಕಾಲು ಭಾಗ ಉಳಿದಿದೆ ಅಂತ. ನೋಡಿ, ಪೂರ್ತಿಗೂ ಅರ್ಧಕ್ಕೂ ನಡುವೆ ಇರುವುದು ಬರೀ ಅರ್ಧ ವೋಲ್ಟು. ಅದಕ್ಕೇ ಸೂಜಿ ಅಲ್ಲಾಡುವ ಹಳೇ ಮೀಟರುಗಳನ್ನು ನಾನು ನಂಬುವುದಿಲ್ಲ. ಎರಡು ದಶಮಾಂಶ ತೋರಿಸುವ ಡಿಜಿಟಲ್ ಮೀಟರೇ ಇರಲಿ. ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೆ ಡೀಪ್ ಸೈಕಲ್ ಬ್ಯಾಟರಿ (ಮತ್ತೆ ಮತ್ತೆ ಇಳಿಸಿ ತುಂಬಿಸಲೆಂದೇ ಮಾಡಿದ್ದು) ಎಷ್ಟೋ ಜಾಸ್ತಿ ಕಾಲ ಬರುತ್ತದೆ. ಅಂದರೆ 100 ಆಂಪ್-ಅವರ್ ಅಂತ ಬರೆದಿದ್ದರೂ ನಿಮ್ಮ ಕೈಗೆ ಸಿಗುವುದು 50 ಅಂತಲೇ ತಿಳಿಯಿರಿ.

ಡೀಪ್ ಸೈಕಲ್ ಅಂದೆ. ಸ್ಟಾರ್ಟ್ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳು ತುಂಬಾ ಇರುತ್ತವೆ, ಒಮ್ಮೆಗೇ ಜೋರು ಕರೆಂಟ್ ಕೊಡಲಿ ಅಂತ. ಡೀಪ್ ಸೈಕಲ್ಲಿನಲ್ಲಿ ಪ್ಲೇಟು ದಪ್ಪ, ಸಂಖ್ಯೆ ಕಡಿಮೆ. ಸ್ಟಾರ್ಟ್ ಬ್ಯಾಟರಿಯನ್ನು ಹೌಸ್ ಜಾಗದಲ್ಲಿಟ್ಟು ದಿನಾ ಅರ್ಧಕ್ಕೆ ಇಳಿಸಿದರೆ ಅದು ಬೇಗ ಮಣ್ಣಾಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಜಾಸ್ತಿ ಎಳೆಯುವುದಿಲ್ಲ.

ಎರಡನ್ನೂ ಒಂದೇ ಎಂಜಿನ್ನಿನಿಂದ ತುಂಬಿಸುವ ದಾರಿಗಳು ಮೂರ್ನಾಲ್ಕಿವೆ. ಹಳೆಯದು 1, 2, ಬೋತ್, ಆಫ್ ಅಂತಿರುವ ಕೆಂಪು ಸ್ವಿಚ್ಚು. ಸ್ವಿಚ್ಚಿನದ್ದೇನೂ ತಪ್ಪಿಲ್ಲ, ತಿರುಗಿಸುವವರದ್ದೇ ತೊಂದರೆ. ಎಂಜಿನ್ ಸ್ಟಾರ್ಟ್ ಆದಮೇಲೆ ‘ಬೋತ್’ಗೆ ಹಾಕಬೇಕು, ನಿಲ್ಲಿಸಿದ ಕೂಡಲೇ ಹೌಸ್ ಕಡೆಗೆ ತಿರುಗಿಸಬೇಕು. ಮರೆತು ‘ಬೋತ್’ನಲ್ಲೇ ಬಿಟ್ಟು ಮಲಗಿದರೆ ಬೆಳಿಗ್ಗೆ ಎರಡೂ ಖಾಲಿ. ಎರಡು ಬ್ಯಾಟರಿ ಇಟ್ಟುಕೊಂಡ ಪುಣ್ಯವೆಲ್ಲ ಅಲ್ಲಿಗೆ ಮುಗಿಯಿತು. ಎಂಜಿನ್ ಓಡುವಾಗ ಕೈತಪ್ಪಿ ‘ಆಫ್’ಗೆ ತಿರುಗಿಸಿದರಂತೂ ಚಾರ್ಜಿಂಗ್ ಕರೆಂಟಿಗೆ ಹೋಗಲು ಜಾಗವೇ ಇಲ್ಲದೆ ವೋಲ್ಟೇಜ್ ಎಗರಿ ಆಲ್ಟರ್ನೇಟರಿನ (ಎಂಜಿನ್ನಿನಿಂದ ಓಡುವ ಜನರೇಟರು) ಡಯೋಡುಗಳು, ಔಟ್‌ಬೋರ್ಡ್ ಆದರೆ ಅದೇ ಕೆಲಸ ಮಾಡುವ ರೆಕ್ಟಿಫೈಯರ್, ಸುಟ್ಟುಹೋಗಬಹುದು.

ಡಯೋಡ್ ಐಸೊಲೇಟರ್ ಅಂತ ಇನ್ನೊಂದಿದೆ. ಕರೆಂಟು ಎರಡೂ ಬ್ಯಾಟರಿಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಆದರೆ ಸಾದಾ ಡಯೋಡಿನಲ್ಲೇ 0.6–0.7 ವೋಲ್ಟ್ ಬಿದ್ದುಹೋಗುತ್ತದೆ. 14.4 ಬೇಕಾದ ಬ್ಯಾಟರಿಗೆ 13.7 ಮುಟ್ಟಿದರೆ ಅದು ತುಂಬುವುದು ಯಾವ ಕಾಲಕ್ಕೆ? ಸಣ್ಣ ಔಟ್‌ಬೋರ್ಡಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ.

ನನಗೆ ಹಿಡಿಸಿದ್ದು ವಿಎಸ್ಆರ್, ಅಂದರೆ ವೋಲ್ಟೇಜ್ ನೋಡಿ ತಾನೇ ಸೇರಿಸಿ ಬಿಡಿಸುವ ರಿಲೇ. ಎಂಜಿನ್ ಸ್ಟಾರ್ಟ್ ಮಾಡುತ್ತೀರಿ, ಚಾರ್ಜು ಮೊದಲು ಸ್ಟಾರ್ಟ್ ಬ್ಯಾಟರಿಗೆ ಹೋಗುತ್ತದೆ. ಅದರ ವೋಲ್ಟೇಜು 13.3ರ ಆಸುಪಾಸಿಗೆ ಏರಿದಾಗ ಡಬ್ಬಿಯ ಒಳಗೆ ‘ಕ್ಲಿಕ್’ ಅನ್ನುತ್ತದೆ, ಪುಟ್ಟ ದೀಪ ಹತ್ತುತ್ತದೆ, ಎರಡೂ ಬ್ಯಾಟರಿ ಸೇರಿಕೊಳ್ಳುತ್ತವೆ. ಎಂಜಿನ್ ನಿಂತು ವೋಲ್ಟೇಜ್ 12.8ರ ಹತ್ತಿರ ಇಳಿದರೆ ಇನ್ನೊಂದು ‘ಕ್ಲಿಕ್’, ಬೇರೆಯಾದವು. ನೀವು ನೆನಪಿಡಬೇಕಾದ್ದು ಏನೂ ಇಲ್ಲ. ಇದರ ಜೊತೆ ಪ್ರತಿ ಬ್ಯಾಟರಿಗೂ ಒಂದೊಂದು ಸಾದಾ ಆನ್–ಆಫ್ ಸ್ವಿಚ್ಚು, ತುರ್ತಿಗೆ ಎರಡನ್ನೂ ಸೇರಿಸಲು ಮೂರನೆಯದೊಂದು. ಎರಡರ ಮೈನಸ್ಸೂ ಒಟ್ಟಿಗೆ ಸೇರಿರಬೇಕು, ಇಲ್ಲದಿದ್ದರೆ ರಿಲೇ ಏನು ಮಾಡಿದರೂ ಹೌಸ್ ಕಡೆ ಕರೆಂಟ್ ಹರಿಯುವುದಿಲ್ಲ. ರಿಲೇ ಸೇರಿಸಿದಾಗ ಎರಡಕ್ಕೂ ಒಂದೇ ವೋಲ್ಟೇಜ್ ಸಿಗುತ್ತದೆ. ಆದ್ದರಿಂದ ಎರಡೂ ಒಂದೇ ಜಾತಿಯವಾಗಿದ್ದರೆ ಒಳ್ಳೆಯದು, ಒಂದು ಜೆಲ್ (ಆಸಿಡ್ಡನ್ನು ಅಂಟಿನಂತೆ ಗಟ್ಟಿ ಮಾಡಿದ್ದು) ಇನ್ನೊಂದು ನೀರು ಹಾಕುವ ಬ್ಯಾಟರಿ ಅಂತಾದರೆ ಎರಡರಲ್ಲಿ ಒಂದಕ್ಕೆ ಅನ್ಯಾಯ.

ಕೆಲವರ ವಿಎಸ್ಆರ್ ಸೇರಿಸುತ್ತದೆ, ಬಿಡಿಸುತ್ತದೆ, ಮತ್ತೆ ಸೇರಿಸುತ್ತದೆ, ಹೀಗೆ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ರಿಲೇ ಕೆಟ್ಟಿದೆ ಅಂತ ಬದಲಾಯಿಸಲು ಹೋಗಬೇಡಿ. ಬಹಳ ಸಲ ಹೌಸ್ ಬ್ಯಾಟರಿ ತೀರಾ ಇಳಿದಿರುತ್ತದೆ. ಸೇರಿದ ಕೂಡಲೇ ಅದು ಕರೆಂಟೆಲ್ಲ ಎಳೆದು ವೋಲ್ಟೇಜನ್ನು ಕೆಳಗೆ ತರುತ್ತದೆ, ರಿಲೇ ಬಿಡುತ್ತದೆ. ಇಲ್ಲವಾದರೆ ವೈರು ಸಣ್ಣದು, ಅಥವಾ ಟರ್ಮಿನಲ್ ಕೊಳಕಾಗಿದೆ.

ಟರ್ಮಿನಲ್ ವಿಷಯಕ್ಕೆ ಬಂದೆವಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರ್ ಹಿಡಿದು ಸ್ಟಾರ್ಟ್ ಬ್ಯಾಟರಿಯ ಎರಡು ಕಂಬಗಳ (ಟರ್ಮಿನಲ್‌ಗಳ) ಮೇಲೆ ಅಳೆಯಿರಿ, ಆಮೇಲೆ ಹೌಸ್ ಬ್ಯಾಟರಿಯ ಮೇಲೆ. ಒಂದು ಕಡೆ 14.3, ಇನ್ನೊಂದು ಕಡೆ 13.7 ಬಂದರೆ ನಡುವಿನ 0.6 ಎಲ್ಲೋ ದಾರಿಯಲ್ಲಿ ಸೋರುತ್ತಿದೆ. ಅದನ್ನು ಹುಡುಕುವುದು ಸುಲಭ. ಮೀಟರಿನ ಒಂದು ಮೊನೆಯನ್ನು ಸೀಸದ ಕಂಬದ ನೆತ್ತಿಗೆ ಒತ್ತಿ, ಇನ್ನೊಂದನ್ನು ಅದಕ್ಕೇ ಬಿಗಿದಿರುವ ವೈರಿನ ಲಗ್ಗಿಗೆ, ಅಂದರೆ ತುದಿಯ ಲೋಹದ ಬಳೆಗೆ. ಎರಡೂ ಅಂಟಿಕೊಂಡೇ ಇವೆ, ಸೊನ್ನೆಯ ಹತ್ತಿರ ಬರಬೇಕು. 0.02, 0.03 ಬಂದರೆ ಚಿಂತೆಯಿಲ್ಲ. 0.3 ಬಂದರೆ ಆ ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಬೂದು ಪೊರೆ ಕೂತಿದೆ ಅಂತ ಅರ್ಥ. ಹೀಗೇ ಪ್ರತಿ ಜಾಯಿಂಟಿಗೂ ಮಾಡುತ್ತಾ ಹೋಗಿ: ಫ್ಯೂಸಿನ ಎರಡು ತುದಿ, ಸ್ವಿಚ್ಚಿನ ಎರಡು ತುದಿ, ರಿಲೇಯ ಎರಡು ತುದಿ, ಮೈನಸ್ ಕಡೆಯೂ ಬಿಡಬೇಡಿ. ಕಳ್ಳ ಸಿಕ್ಕೇ ಸಿಗುತ್ತಾನೆ. ಕರೆಂಟ್ ಹರಿಯುತ್ತಿರುವಾಗಲೇ ಈ ಪರೀಕ್ಷೆ ಮಾಡಬೇಕು, ಇಲ್ಲದಿದ್ದರೆ ಎಲ್ಲ ಕಡೆ ಸೊನ್ನೆ ಬಂದು ನಿಮಗೇ ಮೋಸವಾಗುತ್ತದೆ.

ಸ್ವಚ್ಛ ಮಾಡುವುದಕ್ಕೆ ಮೊದಲು ಎಂಜಿನ್, ಚಾರ್ಜರ್ ಎಲ್ಲ ಆಫ್ ಮಾಡಿ, ಮೈನಸ್ ವೈರ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಇದಕ್ಕೆ ಉಲ್ಟಾ. ಪ್ಲಸ್ ಬಿಚ್ಚುವಾಗ ಸ್ಪ್ಯಾನರು ಅಕಸ್ಮಾತ್ ಎಂಜಿನ್ನಿಗೋ ಇನ್ನಾವುದೋ ಲೋಹಕ್ಕೋ ತಾಗಿದರೂ ಆಗ ಏನೂ ಆಗುವುದಿಲ್ಲ. ಬಿಳಿ-ಹಸಿರು ಪುಡಿ ಕಂಡರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಾಕಿ, ನೊರೆ ನಿಂತಮೇಲೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಆ ನೀರು ಮಾತ್ರ ಬ್ಯಾಟರಿ ಒಳಗೆ ಇಳಿಯಬಾರದು, ಮುಚ್ಚಳಗಳು ಬಿಗಿಯಾಗಿರಲಿ. ಒಣಗಿಸಿ ಬಿಗಿದ ಮೇಲೆ, ಹೊರಗಡೆಯಿಂದ, ವ್ಯಾಸಲಿನ್ ಸವರಿ. ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ಟುಗಳಿದ್ದರೆ ತೆಗೆದು ಸ್ಪ್ಯಾನರ್ ಹಾಕಿ ಬಿಗಿಯುವ ನಟ್ಟು ಹಾಕಿ. ಅಲೆಯ ಕುಲುಕಾಟಕ್ಕೆ ರೆಕ್ಕೆ ನಟ್ಟು ಸಡಿಲವಾಗದೆ ಇರುವುದೇ ಇಲ್ಲ.

ವೈರಂತೂ ತವರ ಲೇಪಿಸಿದ ತಾಮ್ರದ್ದೇ ಇರಲಿ, ಉಪ್ಪುಗಾಳಿಗೆ ಬರೀ ತಾಮ್ರ ಇನ್ಸುಲೇಷನ್ನಿನ ಒಳಗೇ ಕಪ್ಪಾಗುತ್ತಾ ಹೋಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಗಾತ್ರ ಆರಿಸುವಾಗ ಹೋಗುವ ದಾರಿ, ಬರುವ ದಾರಿ ಎರಡರ ಉದ್ದವನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಮುಖ್ಯ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಶೇಕಡಾ 3ಕ್ಕಿಂತ ಜಾಸ್ತಿ ಬೀಳಬಾರದು ಅನ್ನುವುದು ದೋಣಿ ವೈರಿಂಗಿನ ವಾಡಿಕೆ, 12 ವೋಲ್ಟಿಗೆ ಅದು 0.36.

ದಡದಲ್ಲಿ ಕರೆಂಟ್ ಸಿಗುವುದಾದರೆ ಎರಡು ಔಟ್‌ಪುಟ್ಟಿನ ಮೂರು ಹಂತದ ಚಾರ್ಜರ್ ಹಾಕಿಸಿ, ಒಂದೊಂದು ಬ್ಯಾಟರಿಗೆ ಒಂದೊಂದು. ಮೊದಲ ಹಂತದಲ್ಲಿ ಅದು ಇರುವ ಕರೆಂಟನ್ನೆಲ್ಲ ಕೊಡುತ್ತದೆ, ಎರಡನೆಯದರಲ್ಲಿ ವೋಲ್ಟೇಜ್ ಹಿಡಿದಿಟ್ಟು ಕೊನೆಯ ಶೇಕಡಾ 20ನ್ನು ನಿಧಾನಕ್ಕೆ ತುಂಬುತ್ತದೆ, ಮೂರನೆಯದರಲ್ಲಿ 13.5ರ ಆಸುಪಾಸಿಗೆ ಇಳಿದು ಕಾಯ್ದುಕೊಂಡಿರುತ್ತದೆ. ಎರಡನೇ ಹಂತದ ವೋಲ್ಟೇಜೇ ಮುಖ್ಯ. ನೀರು ಹಾಕುವ ಬ್ಯಾಟರಿಗೆ, ಎಜಿಎಂಗೆ (ಗಾಜಿನ ನಾರಿನ ಚಾಪೆ ಆಸಿಡ್ಡನ್ನು ಹೀರಿಕೊಂಡಿರುವ ಬ್ಯಾಟರಿ) ಸುಮಾರು 14.4ರಿಂದ 14.8, ಜೆಲ್ಲಿಗೆ 14.1–14.2. ಜೆಲ್ ಬ್ಯಾಟರಿಗೆ ಜಾಸ್ತಿ ಕೊಟ್ಟರೆ ಒಳಗೆ ಗುಳ್ಳೆಗಳೆದ್ದು ಹಾಗೇ ಉಳಿದುಬಿಡುತ್ತವೆ, ಅದಕ್ಕೆ ರಿಪೇರಿ ಇಲ್ಲ. ನಿಮ್ಮ ಬ್ಯಾಟರಿಯ ಮೇಲೆ ಬರೆದದ್ದನ್ನು ನೋಡಿ ಸೆಟ್ ಮಾಡಿ, ನನ್ನ ಮಾತನ್ನಲ್ಲ. ಬಿಸಿಲಿಗೆ ಬ್ಯಾಟರಿ ಇರುವ ಜಾಗ ಕಾದಿದ್ದರೆ ವೋಲ್ಟೇಜ್ ಸ್ವಲ್ಪ ಕಡಿಮೆ ಬೇಕು. ತಾಪಮಾನ ನೋಡುವ ಪುಟ್ಟ ಸೆನ್ಸರ್ ಇರುವ ಚಾರ್ಜರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಸೆನ್ಸರನ್ನು ಬ್ಯಾಟರಿಗೇ ಅಂಟಿಸಿ.

ದಡದಲ್ಲಿ ಕರೆಂಟ್ ಇಲ್ಲ ಅನ್ನುವವರಿಗೆ ಸೋಲಾರೇ ದಾರಿ. 50 ವ್ಯಾಟಿನ ಪ್ಯಾನೆಲ್ಲು ಒಳ್ಳೆಯ ಬಿಸಿಲಲ್ಲಿ 2.5–3 ಆಂಪ್ ಕೊಡುತ್ತದೆ, ದಿನಕ್ಕೆ ಹತ್ತು ಆಂಪ್-ಅವರಿನ ಮೇಲೆ ಸಿಗುತ್ತದೆ. ಕಮ್ಮಿ ಅನ್ನಿಸುತ್ತದೆ ಅಲ್ವಾ? ಆದರೆ ಆ ಕೊನೆಯ ಭಾಗಕ್ಕೆ ಬೇಕಾದದ್ದೇ ಸಣ್ಣ ಕರೆಂಟು, ಜಾಸ್ತಿ ಹೊತ್ತು. ನೀವು ಬರದ ದಿನಗಳಲ್ಲೆಲ್ಲ ಅದು ತನ್ನ ಪಾಡಿಗೆ ತಾನು ತುಂಬುತ್ತಿರುತ್ತದೆ. ಎಂಜಿನ್ನಿಗೆ ಆಗದ ಕೆಲಸ ಇದು. ನಡುವೆ ಚಾರ್ಜ್ ಜಾಸ್ತಿಯಾಗದಂತೆ ತಡೆಯುವ ಕಂಟ್ರೋಲರ್ ಇಡಿ, ಪ್ಯಾನೆಲ್ಲನ್ನು ಹೌಸ್ ಬ್ಯಾಟರಿಗೆ ಕೊಡಿ. ಎರಡೂ ಕಡೆ ನೋಡುವ ವಿಎಸ್ಆರ್ ಇದ್ದರೆ ಹೌಸ್ ತುಂಬುತ್ತಾ ಬಂದಾಗ ಸ್ಟಾರ್ಟ್ ಬ್ಯಾಟರಿಯನ್ನೂ ಸೇರಿಸಿಕೊಳ್ಳುತ್ತದೆ. ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಪ್ಯಾನೆಲ್ಲಿಗೆ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ನೀರು ಹಾಕುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ. ಪೂರ್ತಿ ಚಾರ್ಜ್ ಆದಮೇಲೆ ಹಾಕಬೇಕು, ಯಾಕೆಂದರೆ ಚಾರ್ಜ್ ಆಗುವಾಗ ಒಳಗಿನ ಮಟ್ಟ ಏರುತ್ತದೆ, ಮೊದಲೇ ತುಂಬಿಸಿದರೆ ಉಕ್ಕಿ ಆಸಿಡ್ ಹೊರಗೆ. ಪ್ಲೇಟುಗಳು ಹೊರಗೆ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಿ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಒಂದೊಂದು ಸೆಲ್ಲಿಂದಲೂ ಎಳೆದು ನೋಡಿ, ತುಂಬಿದ ಸೆಲ್ಲು 1.265ರ ಹತ್ತಿರ ತೋರಿಸುತ್ತದೆ. ಆರು ಸೆಲ್ಲುಗಳಲ್ಲಿ ಐದು ಸರಿಯಾಗಿದ್ದು ಆರನೆಯದು ತುಂಬಾ ಕೆಳಗಿದ್ದರೆ ಆ ಬ್ಯಾಟರಿಗೆ ಚಾರ್ಜರ್ ಬದಲಿಸಿ ಪ್ರಯೋಜನವಿಲ್ಲ. ಮಲ್ಟಿಮೀಟರಿಗಿಂತ ಹೈಡ್ರೋಮೀಟರೇ ನಿಜ ಹೇಳುತ್ತದೆ. ಕನ್ನಡಕ, ಕೈಗವಸು ಮರೆಯಬೇಡಿ.

ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಶೇಕಡಾ 4 ಸೇರಿದರೆ ಸಾಕು, ಒಂದು ಕಿಡಿಗೆ ಸ್ಫೋಟವಾಗಬಲ್ಲದು. ಅದು ಹಗುರ, ಮೇಲಕ್ಕೇರುತ್ತದೆ, ಆದ್ದರಿಂದ ಬ್ಯಾಟರಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಗೆ ದಾರಿ ಬೇಕು. ಪೆಟ್ರೋಲ್ ಟ್ಯಾಂಕಿರುವ ಮುಚ್ಚಿದ ಜಾಗದಲ್ಲೇ ಬ್ಯಾಟರಿ, ಚಾರ್ಜರ್, ರಿಲೇ ಎಲ್ಲವನ್ನೂ ತುರುಕಿರುವ ದೋಣಿಗಳನ್ನು ನೋಡಿದರೆ ನನಗೆ ಭಯವಾಗುತ್ತದೆ.

ಲಿಥಿಯಂ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದು. ಅರೆಹೊಟ್ಟೆಯಲ್ಲಿ ಬಿಟ್ಟರೂ ಎಲ್‌ಎಫ್‌ಪಿಗೆ (ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ) ಬೇಸರವಿಲ್ಲ, ಸಲ್ಫೇಟಿನ ಕಾಟವೇ ಇಲ್ಲ. ಆದರೆ ಹಳೇ ವಿಎಸ್ಆರ್ ಹಾಗೇ ಇಟ್ಟು ಹೌಸ್ ಕಡೆ ಲಿಥಿಯಂ ಕೂರಿಸಬೇಡಿ. ಆ ಬ್ಯಾಟರಿ ಸುಮ್ನೆ ಕೂತಾಗಲೇ 13.2–13.3 ವೋಲ್ಟ್ ಇರುತ್ತದೆ. ರಿಲೇ ಬಿಡುವುದು 12.8ಕ್ಕೆ, ಹಾಗಾಗಿ ಎಂಜಿನ್ ನಿಂತರೂ ಎರಡೂ ಅಂಟಿಕೊಂಡೇ ಇರುತ್ತವೆ. ಜೊತೆಗೆ ಅದು ಆಲ್ಟರ್ನೇಟರಿನಿಂದ ಸಿಕ್ಕಷ್ಟೂ ಎಳೆದು ಅದನ್ನು ಕಾಯಿಸಿಬಿಡುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ (ಒಂದು ಬ್ಯಾಟರಿಯ ಕಡೆಯಿಂದ ಇನ್ನೊಂದನ್ನು ಅಳತೆಯ ಕರೆಂಟಿನಲ್ಲಿ ತುಂಬುವ ಡಬ್ಬಿ) ಇದ್ದರೆ ಈ ಎರಡೂ ತಾಪತ್ರಯ ಇಲ್ಲ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ. ವೋಲ್ಟೇಜ್ ನೋಡಿ ಎಷ್ಟಿದೆ ಅಂತ ಹೇಳುವುದೂ ಆಗುವುದಿಲ್ಲ, ಶಂಟ್ ಇರುವ ಮಾನಿಟರ್, ಅಂದರೆ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಲೆಕ್ಕವಿಡುವ ಮೀಟರು ಬೇಕು.

ದೋಣಿ ಸುಮಾರು ದಿನ ನಿಂತಿರುತ್ತದೆ ಅಂದರೆ ಇನ್ನೊಂದು ಅಳತೆ ಮಾಡಿ. ಎಲ್ಲ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪ್‌ಗೆ ಇಟ್ಟು ಕಂಬಕ್ಕೂ ವೈರಿಗೂ ನಡುವೆ ಹಿಡಿಯಿರಿ. ಹೀಗಿರುವಾಗ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಸ್ಟೀರಿಯೋದ ಗಡಿಯಾರ, ಗ್ಯಾಸ್ ಅಲಾರಂ ಎಲ್ಲ ಸೇರಿ 50 ಮಿಲಿಆಂಪ್ ತೋರಿಸಿತು ಅನ್ನಿ. ಏನು ಮಹಾ ಅನ್ನಿಸುತ್ತದೆ. ದಿನಕ್ಕೆ 1.2 ಆಂಪ್-ಅವರ್, ತಿಂಗಳಿಗೆ 36. ಅರ್ಧಕ್ಕಿಂತ ಕೆಳಗೆ ಇಳಿಸಬಾರದ 100ರ ಬ್ಯಾಟರಿಗೆ ಅದು ದೊಡ್ಡ ಮೊತ್ತವೇ.

ಸ್ವಿಚ್ ಆಫ್ ಮಾಡಿ ಹೋಗಿ ಅಂದರೆ ಬಿಲ್ಜಿನಲ್ಲಿ, ಅಂದರೆ ದೋಣಿಯ ತಳದಲ್ಲಿ, ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಪ್ರಶ್ನೆ ಬರುತ್ತದೆ. ಅದು ಮಾತ್ರ ಸ್ವಿಚ್ಚನ್ನು ದಾಟಿ ನೇರ ಬ್ಯಾಟರಿಗೇ ಸೇರಿರಬೇಕು, ಫ್ಯೂಸಿನ ಮೂಲಕ, ಆ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು. ಯಾವ ಬ್ಯಾಟರಿಗೆ ಅನ್ನುವುದಕ್ಕೆ ಜಗಳ ಇದ್ದೇ ಇದೆ. ನಾನು ಹೌಸ್ ಕಡೆಗೇ ಕೊಡುತ್ತೇನೆ. ನೀರು ಸೋರಿ ಪಂಪು ರಾತ್ರಿಯಿಡೀ ಓಡಿದರೂ ಎಂಜಿನ್ ಸ್ಟಾರ್ಟ್ ಆಗಲಿ ಅಂತ. ನಿಮ್ಮ ದೋಣಿಯಲ್ಲಿ ಹೇಗಿದೆ ಅಂತ ನೋಡಬೇಕಾದರೆ ಎಲ್ಲ ಸ್ವಿಚ್ಚೂ ಆಫ್ ಮಾಡಿ, ಬಿಲ್ಜಿನೊಳಗೆ ಕೈ ಹಾಕಿ, ನೀರು ಏರಿದಾಗ ತೇಲಿ ಪಂಪನ್ನು ಆನ್ ಮಾಡುವ ಫ್ಲೋಟ್ ಸ್ವಿಚ್ಚನ್ನು ಬೆರಳಿಂದ ಎತ್ತಿ. ಪಂಪು ಓಡಬೇಕು. ಓಡಲಿಲ್ಲ ಅಂದರೆ ಮೊದಲು ಫ್ಯೂಸು ನೋಡಿ, ಅದು ಸರಿಯಿದ್ದು, ಪಂಪೂ ಫ್ಲೋಟ್ ಸ್ವಿಚ್ಚೂ ಕೆಟ್ಟಿಲ್ಲ ಅಂದರೆ ಯಾರೋ ಪಂಪನ್ನು ಮುಖ್ಯ ಸ್ವಿಚ್ಚಿನ ಮೂಲಕ ಸೇರಿಸಿರಬಹುದು, ಅವತ್ತೇ ಬದಲಾಯಿಸಿ.